ನಿಮಗಿದು ಗೊತ್ತೇ? ನೆಟ್ ಹೋದರೂ ತೆರೆಯುವ ಫೈಲು

ಕ್ಲೌಡ್ ಇರುವುದು ನೆಲದ ಮೇಲೆ, ಅದರಲ್ಲೊಂದು ಪಾಲು ಪುಣೆಯಲ್ಲೇ ಇದೆ. ಮೈಕ್ರೋಸಾಫ್ಟ್ ಕಂಪನಿ 2015ರ ಸೆಪ್ಟೆಂಬರ್‌ನಲ್ಲಿ ಭಾರತದ ಮೂರು ಊರುಗಳಿಂದ ತನ್ನ ಅಜೂರ್ ಕ್ಲೌಡ್ ಸೇವೆ ಶುರುಮಾಡಿತು: ಮುಂಬೈ, ಚೆನ್ನೈ, ಪುಣೆ. ಪುಣೆಯ ಕೇಂದ್ರಕ್ಕೆ ಇಟ್ಟ ಹೆಸರು 'ಸೆಂಟ್ರಲ್ ಇಂಡಿಯಾ'. ದೇಶದ ನಡುಮಧ್ಯದ ನಾಗಪುರದವರು ಏನೆಂದುಕೊಂಡರೋ!

ಹಾಗಿದ್ದೂ, ಪುಣೆಯ ಹಿಂಜವಡಿಯಲ್ಲಿ ಕೆಲಸ ಮುಗಿಸಿ ಬೆಳಗಾವಿ ಬಸ್ಸು ಹತ್ತಿದವರ ಫೈಲು ಖಂಬಾಟಕಿ ಘಾಟಿನಲ್ಲಿ ಸಿಗ್ನಲ್ ಹೋಯಿತೆಂದರೆ ತೆರೆಯುವುದಿಲ್ಲ. ಡ್ರೈವ್ ಆ್ಯಪ್‌ನಲ್ಲಿ ಫೈಲಿನ ಹೆಸರು ಕಾಣುತ್ತದೆ, ಪುಟ್ಟ ಚಿತ್ರವೂ ಕಾಣುತ್ತದೆ. ಅಷ್ಟರಿಂದ ಫೈಲು ಮೊಬೈಲಿಗೆ ಬಂದಿದೆ ಎಂದು ನಂಬಿದರೆ ಕೆಟ್ಟಿರಿ.

ನಂಬುವ ಬದಲು ಹೀಗೆ ಮಾಡಿ. ಗೂಗಲ್ ಡ್ರೈವ್‌ನಲ್ಲಿ ಫೈಲಿನ ಪಕ್ಕದ ಮೂರು ಚುಕ್ಕಿ ಒತ್ತಿದರೆ 'ಮೇಕ್ ಅವೈಲಬಲ್ ಆಫ್‌ಲೈನ್' ಎಂಬ ಸಾಲು ಸಿಗುತ್ತದೆ. ಒತ್ತಿ, ಸ್ವಲ್ಪ ಕಾಯಿರಿ. ಸೆಟ್ಟಿಂಗ್ಸ್‌ನಲ್ಲಿ 'ವೈಫೈನಲ್ಲಿ ಮಾತ್ರ ಫೈಲು ವರ್ಗಾಯಿಸು' ಎಂದಿದ್ದರೆ ಮೊಬೈಲ್ ಡೇಟಾದಲ್ಲಿ ಅದು ಇಳಿಯುವುದೇ ಇಲ್ಲ, ವೈಫೈ ಸಿಗುವವರೆಗೆ ಸರದಿಯಲ್ಲಿ ನಿಂತಿರುತ್ತದೆ. ಎಷ್ಟೋ ಜನ ಎಡವುವುದು ಇಲ್ಲೇ.

ಡೌನ್‌ಲೋಡ್ ಬೇರೆ, ಆಫ್‌ಲೈನ್ ಬೇರೆ. ಡೌನ್‌ಲೋಡ್ ಮಾಡಿದ್ದು ಮೊಬೈಲಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಪ್ರತ್ಯೇಕ ಪ್ರತಿಯಾಗಿ ಕೂರುತ್ತದೆ. ಅದನ್ನು ತಿದ್ದಿದರೆ ಕ್ಲೌಡ್‌ನಲ್ಲಿರುವುದು ಹಾಗೆಯೇ ಉಳಿಯುತ್ತದೆ. ಆಫ್‌ಲೈನ್ ಪ್ರತಿ ಆ್ಯಪ್‌ನ ಖಾಸಗಿ ಜಾಗದಲ್ಲಿರುತ್ತದೆ, ನೆಟ್ ಬಂದಾಗ ಕ್ಲೌಡ್‌ನ ಜೊತೆ ತಾಳೆಯಾಗುತ್ತದೆ. ಆದರೆ ಆ್ಯಪ್ ಅಳಿಸಿದರೆ ಅಥವಾ ಅದರ ಡೇಟಾ ಕ್ಲಿಯರ್ ಮಾಡಿದರೆ ಆ ಪ್ರತಿಯೂ ಹೋಯಿತು. "ಫೋನ್ ಸ್ಲೋ ಆಗಿದೆ, ಎಲ್ಲ ಕ್ಲೀನ್ ಮಾಡಿಕೊಡ್ತೀನಿ ಕೊಡಿ" ಎನ್ನುವ ಮನೆಯ ಹುಡುಗರ ಕೈಗೆ ಪ್ರಯಾಣದ ಹಿಂದಿನ ದಿನ ಫೋನ್ ಕೊಡಬೇಡಿ.

ಡ್ರಾಪ್‌ಬಾಕ್ಸ್ ಮತ್ತು ಒನ್‌ಡ್ರೈವ್‌ನ ಉಚಿತ ಖಾತೆಗಳಲ್ಲಿ ಒಂದೊಂದೇ ಫೈಲನ್ನು ಮೊಬೈಲಿನಲ್ಲಿ ಆಫ್‌ಲೈನ್ ಇಟ್ಟುಕೊಳ್ಳಬಹುದು. ಇಡೀ ಫೋಲ್ಡರ್ ಬೇಕೆಂದರೆ ದುಡ್ಡು ಕಟ್ಟಬೇಕು.

ಅಂದಹಾಗೆ ಡ್ರಾಪ್‌ಬಾಕ್ಸ್ ಹುಟ್ಟಿದ್ದೇ ಬಸ್ಸಿನಲ್ಲಿ. ಬಾಸ್ಟನ್‌ನಿಂದ ನ್ಯೂಯಾರ್ಕ್‌ಗೆ ಹೊರಟಿದ್ದ ಡ್ರೂ ಹೂಸ್ಟನ್ ಪೆನ್‌ಡ್ರೈವ್ ಮರೆತು ಬಂದಿದ್ದರು. ಆ ಸಿಟ್ಟಿಗೆ ಪ್ರೋಗ್ರಾಂ ಬರೆಯಲು ಕೂತರು ಎಂಬುದು ಅವರೇ ಹೇಳಿಕೊಂಡ ಕಥೆ. ಕಂಪನಿ ಆದದ್ದು 2007ರಲ್ಲಿ.

ಆದರೆ ಈ ವಿದ್ಯೆಯ ಬೇರು ಇನ್ನೂ ಹಳೆಯದು, ಅದರಲ್ಲಿ ನಮ್ಮ ಕಡೆಯವರ ಕೈಯಿದೆ. ಮದ್ರಾಸ್ ಐಐಟಿಯಲ್ಲಿ ಓದಿದ ಮಹದೇವ್ ಸತ್ಯನಾರಾಯಣನ್ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1987ರಲ್ಲಿ 'ಕೋಡಾ' ಎಂಬ ಫೈಲ್ ವ್ಯವಸ್ಥೆಯ ಕೆಲಸ ಶುರುಮಾಡಿದರು. ಸರ್ವರ್ ಕೈಕೊಟ್ಟರೂ, ಲ್ಯಾಪ್‌ಟಾಪನ್ನು ಮನೆಗೆ ಒಯ್ದರೂ ಕೆಲಸ ನಿಲ್ಲಬಾರದು ಎಂಬುದು ಗುರಿ. ಅವರು ಮತ್ತು ವಿದ್ಯಾರ್ಥಿ ಜೇಮ್ಸ್ ಕಿಸ್ಲರ್ 1992ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಮೂರು ಹಂತಗಳಿವೆ. ಸಂಪರ್ಕವಿರುವಾಗಲೇ ಬೇಕಾದ ಫೈಲುಗಳನ್ನು ಕೂಡಿಟ್ಟುಕೊಳ್ಳುವುದು ಮೊದಲನೆಯದು, ಮಳೆಗಾಲಕ್ಕೆ ಮುಂಚೆ ಸೌದೆ ಒಟ್ಟುವ ಹಾಗೆ. ಸಂಪರ್ಕ ತಪ್ಪಿದಾಗ ಅದೇ ಪ್ರತಿಯಲ್ಲಿ ಕೆಲಸ ನಡೆಸುವುದು ಎರಡನೆಯದು. ಸಂಪರ್ಕ ಮರಳಿದಾಗ ಬದಲಾವಣೆಗಳನ್ನು ಸರ್ವರಿಗೆ ಒಪ್ಪಿಸುವುದು ಕೊನೆಯದು. ಇಂದಿನ ಡ್ರೈವ್, ಒನ್‌ಡ್ರೈವ್‌ಗಳು ಮೊಬೈಲಿನಲ್ಲಿ ಮಾಡುವುದೂ ಇದನ್ನೇ.

ಮೂರನೇ ಹಂತದಲ್ಲೇ ಜಗಳ. ಒಂದೇ ಫೈಲನ್ನು ನೀವು ರೈಲಿನಲ್ಲಿ, ಸಹೋದ್ಯೋಗಿ ಕಚೇರಿಯಲ್ಲಿ ತಿದ್ದಿದರೆ? ಡ್ರಾಪ್‌ಬಾಕ್ಸ್ ಯಾರ ಪರವೂ ವಹಿಸುವುದಿಲ್ಲ. 'ಕಾನ್‌ಫ್ಲಿಕ್ಟೆಡ್ ಕಾಪಿ' ಎಂಬ ಹೆಸರಿನ ಎರಡನೇ ಫೈಲು ಮಾಡಿಟ್ಟು ಪಂಚಾಯ್ತಿಯನ್ನು ನಿಮಗೇ ಬಿಡುತ್ತದೆ. ಗೂಗಲ್ ಡಾಕ್ಸ್ ಇಬ್ಬರ ತಿದ್ದುಪಡಿಯನ್ನೂ ಬೆಸೆಯಲು ನೋಡುತ್ತದೆ.

ಐಫೋನಿನಲ್ಲಿ 'ಆಪ್ಟಿಮೈಸ್ ಸ್ಟೋರೇಜ್' ಆನ್ ಇದ್ದರೆ, ಜಾಗ ಕಡಿಮೆಯಾದಾಗ ಮೂಲ ಫೋಟೊ ಐಕ್ಲೌಡ್‌ನಲ್ಲಿ ಉಳಿದು ಫೋನಿನಲ್ಲಿ ಚಿಕ್ಕ ಪ್ರತಿ ಮಾತ್ರ ಇರುತ್ತದೆ. ಗೂಗಲ್ ಫೋಟೋಸ್‌ನ 'ಫ್ರೀ ಅಪ್ ಸ್ಪೇಸ್' ಒತ್ತಿದರೆ ಕ್ಲೌಡ್‌ಗೆ ಹೋಗಿರುವ ಫೋಟೊ ಫೋನಿನಿಂದ ಅಳಿಯುತ್ತದೆ. ಮದುವೆ ಫೋಟೊ ತೋರಿಸಲೆಂದು ಟವರಿಲ್ಲದ ಊರಿಗೆ ಹೋಗಿ ಅಜ್ಜಿಗೆ ಮಸುಕು ಮುಖ ತೋರಿಸುವ ಪ್ರಸಂಗ ಬರುವುದು ಹೀಗೆ.

ಇನ್ನು ದಾಖಲೆಗಳ ವಿಷಯ. ಸರ್ಕಾರದ ಡಿಜಿಲಾಕರ್ 2015ರ ಜುಲೈ 1ರಂದು ಶುರುವಾಯಿತು. ಇಲಾಖೆಗಳು ಅದರಲ್ಲಿ ನೇರವಾಗಿ ನೀಡಿದ ದಾಖಲೆಗೆ ಮೂಲ ಕಾಗದದಷ್ಟೇ ಮಾನ್ಯತೆ ಎಂದು 2017ರ ಫೆಬ್ರವರಿಯಲ್ಲಿ ನಿಯಮವೇ ಆಯಿತು. ಇಲ್ಲೊಂದು ಸೂಕ್ಷ್ಮವಿದೆ. 2018ರ ಜುಲೈನಲ್ಲಿ ರೈಲ್ವೆ ಮಂಡಳಿ ಡಿಜಿಲಾಕರ್‌ನ ಆಧಾರ್ ಮತ್ತು ಡ್ರೈವಿಂಗ್ ಲೈಸೆನ್ಸನ್ನು ಗುರುತಿನ ದಾಖಲೆಯಾಗಿ ಒಪ್ಪಿತು. ಆದರೆ 'ಇಶ್ಯೂಡ್ ಡಾಕ್ಯುಮೆಂಟ್ಸ್' ಭಾಗದಲ್ಲಿ ಇರುವುದನ್ನು ಮಾತ್ರ. ನೀವೇ ಫೋಟೊ ಹೊಡೆದು 'ಅಪ್‌ಲೋಡ್' ಮಾಡಿದ್ದು ಟಿಟಿಇ ಮುಂದೆ ನಡೆಯದು. ಎರಡೂ ಒಂದೇ ಆ್ಯಪ್‌ನಲ್ಲಿವೆ, ಎರಡೂ ನೋಡಲು ಒಂದೇ ಥರ! ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದ ಮೇಲೆ ನೆಟ್ ಇಲ್ಲದೆ ಆ್ಯಪ್ ತೆರೆದುಕೊಳ್ಳದಿದ್ದರೆ ಅಲ್ಲಿಗೆ ಮುಗಿಯಿತು. ಆದ್ದರಿಂದ ಜೇಬಿನಲ್ಲಿ ಒಂದು ಅಸಲಿ ಕಾರ್ಡ್ ಇರಲಿ ಎಂಬುದು ಈ ಅಂಕಣಕಾರನ ಹಳೇಕಾಲದ ಅಭಿಪ್ರಾಯ.

ಇ-ಆಧಾರ್ ಪಿಡಿಎಫ್ ಒಮ್ಮೆ ಇಳಿಸಿಕೊಂಡರೆ ತೆರೆಯಲು ನೆಟ್ ಬೇಡ, ಪಾಸ್‌ವರ್ಡ್ ಸಾಕು: ಆಧಾರ್‌ನಲ್ಲಿರುವ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಅದರ ಹಿಂದೆ ಹುಟ್ಟಿದ ಇಸವಿ.

ಪುಣೆ ವಿಮಾನ ನಿಲ್ದಾಣಕ್ಕೆ 2023ರಲ್ಲಿ ಬಂದ, ಮುಖ ಗುರುತಿಸಿ ಒಳಬಿಡುವ ಡಿಜಿಯಾತ್ರಾ ವ್ಯವಸ್ಥೆಯ ಲೆಕ್ಕ ಉಲ್ಟಾ. ಅಲ್ಲಿ ನಿಮ್ಮ ಗುರುತಿನ ವಿವರ ಇರುವುದು ನಿಮ್ಮ ಫೋನಿನಲ್ಲೇ. ವಿಮಾನ ನಿಲ್ದಾಣದ ಜೊತೆ ಹಂಚಿಕೊಂಡದ್ದನ್ನು ವಿಮಾನ ಹೊರಟ 24 ಗಂಟೆಯೊಳಗೆ ಅಳಿಸಬೇಕು ಎಂಬುದು ನಿಯಮ.

ರಾಜಗಡ, ತೋರಣಾ ಕೋಟೆಗಳ ಚಾರಣಕ್ಕೆ ಗೂಗಲ್ ಮ್ಯಾಪನ್ನು ಆಫ್‌ಲೈನ್ ಇಳಿಸಿಕೊಂಡು ಹೊರಟವರಿಗೆ: ನೆಟ್ ಇಲ್ಲದಾಗ ಅದು ಗಾಡಿಯ ದಾರಿಯನ್ನಷ್ಟೇ ಹೇಳುತ್ತದೆ, ಕಾಲುದಾರಿಯನ್ನಲ್ಲ. ಕೋಟೆಯ ಬುಡದವರೆಗೆ ಗೂಗಲ್, ಮೇಲಕ್ಕೆ ಊರಿನವರು.

ಯೂಟ್ಯೂಬ್ ವಿಡಿಯೊವನ್ನು ಆಫ್‌ಲೈನ್ ಇಟ್ಟುಕೊಳ್ಳುವ ಸೌಲಭ್ಯ 2014ರ ಡಿಸೆಂಬರ್‌ನಲ್ಲಿ ಮೊದಲು ಬಂದ ದೇಶಗಳಲ್ಲಿ ಭಾರತವೂ ಒಂದು. ಆಗ ಇಳಿಸಿಕೊಂಡದ್ದನ್ನು ನೋಡಲು ಇದ್ದ ಮಿತಿ 48 ಗಂಟೆ.

ಮೊಬೈಲಿನಲ್ಲಿ ನೀವು ಓದುವ ಕನ್ನಡ ಅಕ್ಷರಕ್ಕೂ ಪುಣೆಗೂ ನಂಟಿದೆ. 1988ರಲ್ಲಿ ಇಲ್ಲಿ ಸ್ಥಾಪನೆಯಾದ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಎಂದರೆ ಎಲ್ಲರಿಗೂ 1991ರ ಪರಮ್ ಸೂಪರ್ ಕಂಪ್ಯೂಟರ್ ನೆನಪಾಗುತ್ತದೆ. ಅದರ ಜಿಸ್ಟ್ ತಂಡ ಹೆಚ್ಚಿನ ಭಾರತೀಯ ಲಿಪಿಗಳಿಗೆ ಒಂದೇ ಸಂಕೇತ ಪದ್ಧತಿಯಾದ ಇಸ್ಕಿಯನ್ನು ಬಳಕೆಗೆ ತರಲು ದುಡಿದದ್ದು ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ. ಇಂದು ಫೋನುಗಳು ಬಳಸುವ ಯೂನಿಕೋಡ್ ನಮ್ಮ ಲಿಪಿಗಳನ್ನು ಜೋಡಿಸಿದ್ದು 1988ರ ಇಸ್ಕಿ ಕೋಷ್ಟಕವನ್ನು ಆಧರಿಸಿ. ಹಾಗಾಗಿಯೇ ಮರಾಠಿಯ 'ಕ', ಕನ್ನಡದ 'ಕ' ಎರಡೂ ತಮ್ಮ ತಮ್ಮ ಕೋಷ್ಟಕದಲ್ಲಿ ಒಂದೇ ಮನೆಯಲ್ಲಿ ಕೂತಿವೆ. ಗಡಿ ವಿವಾದ ಅಲ್ಲಿಲ್ಲ.

'ಪುಣೆ' ಎಂದು ಕನ್ನಡದಲ್ಲಿ ಬರೆದರೆ 12 ಬೈಟ್, ಇಂಗ್ಲಿಷಿನಲ್ಲಿ 4 ಬೈಟ್. ಕನ್ನಡದ ಪ್ರತಿ ಸಂಕೇತಕ್ಕೂ, ಅಂದರೆ ವ್ಯಂಜನಕ್ಕೂ ಅದರ ಸ್ವರಚಿಹ್ನೆಗೂ ಬೇರೆಬೇರೆಯಾಗಿ, 3 ಬೈಟ್ ಬೇಕು. ಗಾಬರಿಯಾಗಬೇಡಿ, ಮೂರು ಲಕ್ಷ ಸಂಕೇತಗಳ ಕಾದಂಬರಿಯೂ ಬರೀ ಪಠ್ಯವಾಗಿದ್ದರೆ ಒಂದು ಎಂಬಿ ಮುಟ್ಟುವುದಿಲ್ಲ. ಜಾಗ ತಿನ್ನುವುದು ವಿಡಿಯೊ, ಅಕ್ಷರವಲ್ಲ.

ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ವರ್ಡ್ ಫೈಲು ಆಫ್‌ಲೈನ್ ಇಟ್ಟುಕೊಂಡರೂ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವಾಗಿ ಕಾಣುತ್ತದೆ, ಆ ಫಾಂಟ್ ಫೋನಿನಲ್ಲಿಲ್ಲವಲ್ಲ. ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿಕೊಳ್ಳಿ ಅಥವಾ ಯೂನಿಕೋಡಿಗೆ ಬದಲಿಸಿಕೊಳ್ಳಿ.

ಕಿವಿಕ್ಸ್ ಎಂಬ ಉಚಿತ ಆ್ಯಪ್ ಇದ್ದರೆ ಕನ್ನಡ ವಿಕಿಪೀಡಿಯವನ್ನು ಫೋನಿಗೆ ಇಳಿಸಿಕೊಂಡು ನೆಟ್ ಇಲ್ಲದೆ ಓದಬಹುದು.

ಫೋನ್ ಕಳೆದರೆ ದೂರದಿಂದ ಅಳಿಸುವ ಸೌಲಭ್ಯವಿದೆ, ಸರಿ. ಆದರೆ ಆ ಆಜ್ಞೆ ಜಾರಿಯಾಗುವುದು ಕಳೆದ ಫೋನು ನೆಟ್‌ಗೆ ಬಂದಾಗ ಮಾತ್ರ. ಬ್ಯಾಂಕ್ ಕಾಗದ, ಆಧಾರ್ ಆಫ್‌ಲೈನ್ ಇಟ್ಟವರು ಸ್ಕ್ರೀನ್ ಲಾಕ್ ಇಲ್ಲದೆ ಓಡಾಡಬೇಡಿ.

ಕೊನೆಗೊಂದು ಪರೀಕ್ಷೆ, ಇವತ್ತೇ ಮಾಡಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈಯನ್ನೂ ಆಫ್ ಮಾಡಿ, ನಾಳೆ ಬೇಕಾಗುವ ಫೈಲುಗಳನ್ನು ಒಂದೊಂದಾಗಿ ತೆರೆಯಿರಿ. ತೆರೆಯದಿರುವುದನ್ನು ಮನೆ ವೈಫೈ ಇರುವಾಗಲೇ ಇಳಿಸಿಕೊಳ್ಳಿ.