ಕಾವಲಿಗೆ ನಿಂತ ಕರಿಯ ಡಬ್ಬಿ

ಸೊರಬದ ಮಳೆಗಾಲವನ್ನು ಕಂಡವರು ಬಲ್ಲರು: ಆಷಾಢದಲ್ಲಿ ನೆಲ ತೇವ, ಗೋಡೆ ತೇವ, ಒರೆಸಿಕೊಂಡ ಕೈಯೂ ತೇವ. ಅಂಥ ಸಂಜೆ ಮನೆಯ ಮಗಳು ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಪಾಠಕ್ಕೆ ಕುಳಿತಿದ್ದಾಳೆ ಎನ್ನೋಣ. ಗೋಡೆಯಲ್ಲಿ 230 ವೋಲ್ಟಿನ ವಿದ್ಯುತ್ತು. ಅವಳ ಬೆರಳ ಬಳಿ ಬರುವುದು 19 ಅಥವಾ 20 ವೋಲ್ಟು ಮಾತ್ರ. ನಡುವೆ ಕಾವಲಿಗಿರುವುದು ಅಡಾಪ್ಟರ್ ಎಂಬ ಕರಿಯ ಡಬ್ಬಿ. ಆದರೆ 20 ವೋಲ್ಟೇ ಏಕೆ? 5 ಏಕಲ್ಲ, 100 ಏಕಲ್ಲ?

ಅರ್ಧ ಉತ್ತರ ನೆರೆಯ ಸಾಗರ ತಾಲ್ಲೂಕಿನಲ್ಲಿಯೇ ಇದೆ. 1964ರಲ್ಲಿ ಉತ್ಪಾದನೆ ತೊಡಗಿದ ಶರಾವತಿ ವಿದ್ಯುದಾಗಾರದ ವಿದ್ಯುತ್ತನ್ನು ದೂರದೂರುಗಳಿಗೆ ಕಳುಹಿಸುವಾಗ 2,20,000 ವೋಲ್ಟಿಗೆ ಏರಿಸುತ್ತಾರೆ. ವೋಲ್ಟು ಹೆಚ್ಚಿದಷ್ಟೂ ಅದೇ ಶಕ್ತಿಯನ್ನು ಸಾಗಿಸಲು ಬೇಕಾದ ಪ್ರವಾಹ ಕಡಮೆ. ತಂತಿ ಕಾಯುವುದೂ ಕಡಮೆ. ಲ್ಯಾಪ್‌ಟಾಪಿಗೂ ಇದೇ ನ್ಯಾಯ. 65 ವಾಟ್ ಶಕ್ತಿಯನ್ನು 5 ವೋಲ್ಟಿನಲ್ಲಿ ಕೊಡಬೇಕಾದರೆ 13 ಆಂಪಿಯರ್ ಹರಿಯಬೇಕು, ದಪ್ಪ ತಂತಿ ಬೇಕು. 20 ವೋಲ್ಟಿನಲ್ಲಿ ಮೂರೂಕಾಲು ಆಂಪಿಯರ್ ಸಾಕು. ಮೇಲಾಗಿ, ಸಾಲಾಗಿ ಜೋಡಿಸಿದ ನಾಲ್ಕು ಲಿಥಿಯಂ ಕೋಶಗಳು ತುಂಬಿದಾಗ 16.8 ವೋಲ್ಟು ಆಗುತ್ತದೆ. ತೊಟ್ಟಿ ತುಂಬಲು ನೀರು ಮೇಲಿನಿಂದ ಬರಬೇಕಲ್ಲವೆ? ಹಾಗೆಯೇ ಇಲ್ಲಿಯೂ ತುಸು ಹೆಚ್ಚಿನ ವೋಲ್ಟು ಬೇಕು.

ಹಾಗಾದರೆ ಇನ್ನೂ ಏರಿಸಬಾರದೇಕೆ? ಇನ್ನರ್ಧ ಉತ್ತರ ನಮ್ಮ ಮೈಯಲ್ಲಿದೆ. ಒದ್ದೆ ಮೈಯ ತಡೆ 1000 ಓಮ್ ಎಂದಿಟ್ಟುಕೊಳ್ಳಿರಿ. 230 ವೋಲ್ಟು ಅದರಲ್ಲಿ 230 ಮಿಲಿಆಂಪಿಯರ್ ಹರಿಸುತ್ತದೆ. ಹೃದಯದ ತಾಳ ತಪ್ಪಲು ಅಷ್ಟು ಸಾಕು. 20 ವೋಲ್ಟು ಹರಿಸುವುದು 20 ಮಾತ್ರ. ಆದುದರಿಂದಲೇ ಅಂತರರಾಷ್ಟ್ರೀಯ ಸುರಕ್ಷಾ ಮಾನಕವು ಕೈಗೆ ಎಟಕಬಹುದಾದ ಡಿ.ಸಿ. ವಿದ್ಯುತ್ತಿಗೆ 60 ವೋಲ್ಟಿನ ಮೇರೆ ಹಾಕಿದೆ. 2021ರಲ್ಲಿ ಯು.ಎಸ್.ಬಿ. ವಿದ್ಯುತ್ ಪೂರೈಕೆಯನ್ನು ಹೆಚ್ಚಿಸಿದಾಗಲೂ 48 ವೋಲ್ಟಿಗೇ ನಿಲ್ಲಿಸಿದರು.

ಆದರೆ ಕಾಯುವುದು ಬರಿಯ ಅಂಕಿಯಲ್ಲ. ಡಬ್ಬಿಯೊಳಗೆ ಎರಡು ಸುರುಳಿಗಳಿವೆ, ಒಂದನ್ನೊಂದು ಮುಟ್ಟವು. ಶಕ್ತಿ ಕಾಂತದ ಮೂಲಕ ದಾಟುತ್ತದೆ. ಅವುಗಳ ನಡುವಣ ಅಂತರ, ನಿರೋಧಕ ಹೊದಿಕೆ—ಇವೇ ನಿಜವಾದ ಗೋಡೆ. ಅಗ್ಗದ ನಕಲಿ ಅಡಾಪ್ಟರಿನಲ್ಲಿ ಈ ಗೋಡೆಗೇ ಕತ್ತರಿ ಬಿದ್ದಿರಬಹುದು. ಆಗ ಮೇಲೆ ‘20’ ಎಂದು ಬರೆದಿದ್ದರೂ ಒಂದು ದಿನ 230 ವೋಲ್ಟೇ ಮಗುವಿನ ಕೈಗೆ ಬಂದೀತು.

ಆದುದರಿಂದ ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೋದ ಗುರುತನ್ನೂ ‘ಆರ್’ ಅಕ್ಷರದಿಂದ ತೊಡಗುವ ನೋಂದಣಿ ಸಂಖ್ಯೆಯನ್ನೂ ನೋಡಿರಿ. ಬಿರುಕು ಬಿಟ್ಟ ಡಬ್ಬಿಯನ್ನು ಅಂಟು ಸುತ್ತಿ ಬಳಸದಿರಿ. ಗೋಡೆಗೆ ಸಿಕ್ಕಿಸುವ ಪ್ಲಗ್ಗನ್ನು ಒದ್ದೆ ಕೈಯಿಂದ ಮುಟ್ಟದಿರಿ. ಆ ಕಡೆ ಇಂದಿಗೂ 230 ವೋಲ್ಟೇ. ಉಳಿಸಿದ ಕೆಲವು ನೂರು ರೂಪಾಯಿ, ಜಗಲಿಯಲ್ಲಿ ಓದುತ್ತಿರುವ ಆ ಮಗುವಿಗಿಂತ ಹೆಚ್ಚೆ?