ಎಲೆ ಹಳದಿಯಾದರೆ ಗೊಬ್ಬರವೇ ಮದ್ದಲ್ಲ

ಬನಶಂಕರಿ, ಜೆ.ಪಿ. ನಗರದ ತಾರಸಿ ತೋಟಗಳಲ್ಲಿ ಕರಿಬೇವು ಹಳದಿಗೆ ತಿರುಗಿತೆಂದರೆ ಸಲಹೆಗಳಿಗೆ ಬರವಿಲ್ಲ. ಎಪ್ಸಮ್ ಸಾಲ್ಟ್ ಹಾಕಿ ಎನ್ನುವವರು ಒಬ್ಬರು, ಹುಳಿ ಮಜ್ಜಿಗೆ ಸುರಿಯಿರಿ ಎನ್ನುವವರು ಇನ್ನೊಬ್ಬರು, ತುಕ್ಕು ಹಿಡಿದ ಮೊಳೆ ಹೂತುಬಿಡಿ ಎನ್ನುವವರು ಮತ್ತೊಬ್ಬರು. ಮೊದಲು ನೋಡಬೇಕಾದದ್ದು ಬೇರೆಯೇ ಇದೆ: ಹಳದಿಯಾಗಿರುವುದು ಕೆಳಗಿನ ಹಳೆಯ ಎಲೆಯೋ, ತುದಿಯ ಚಿಗುರೋ?

ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಷಿಯಂ ಗಿಡದೊಳಗೆ ಸುಲಭವಾಗಿ ಓಡಾಡುತ್ತವೆ. ಕೊರತೆ ಬಿದ್ದಾಗ ಗಿಡ ಇವನ್ನು ಹಳೆಯ ಎಲೆಗಳಿಂದ ತೆಗೆದು ಚಿಗುರಿಗೆ ಕೊಡುತ್ತದೆ. ಹಾಗಾಗಿ ಲಕ್ಷಣ ಕೆಳಗಿನಿಂದ ಶುರುವಾಗುತ್ತದೆ. ಕಬ್ಬಿಣ, ಕ್ಯಾಲ್ಸಿಯಂ, ಬೋರಾನ್ ಹೀಗೆ ಜಾಗ ಬಿಟ್ಟು ಕದಲುವುದಿಲ್ಲ. ಅವುಗಳ ಕೊರತೆ ಮೊದಲು ಕಾಣುವುದು ಎಳೆಯ ಭಾಗದಲ್ಲಿ.

ತಪ್ಪು ಕಲ್ಪನೆ: ನಮ್ಮದು ಕೆಂಪು ಮಣ್ಣು, ಕಬ್ಬಿಣದ ಕೊರತೆ ಬರಲು ಸಾಧ್ಯವೇ ಇಲ್ಲ.

ಸತ್ಯ: ಮಣ್ಣು ಕೆಂಪಗಿರುವುದು ಕಬ್ಬಿಣದಿಂದಲೇ, ನಿಜ. ಆದರೆ ಅದು ನೀರಿನಲ್ಲಿ ಕರಗದ ಆಕ್ಸೈಡ್ ರೂಪದಲ್ಲಿದೆ. ಮಣ್ಣು ತುಸು ಹುಳಿಯಾಗಿದ್ದರೆ ಬೇರು ತನಗೆ ಬೇಕಾದಷ್ಟನ್ನು ಹೇಗೋ ಎಳೆದುಕೊಳ್ಳುತ್ತದೆ. ಬಡಾವಣೆಗಳ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ನಲ್ಲಿಯ ಮೇಲೆ ಬಿಳಿ ಕರೆ ಕಟ್ಟಿಸುವ ಅದೇ ನೀರು ತಿಂಗಳುಗಟ್ಟಲೆ ಕುಂಡಕ್ಕೆ ಬಿದ್ದರೆ ಅದರ ಬೈಕಾರ್ಬನೇಟ್ ಮಣ್ಣಿನ ರಸಸಾರವನ್ನು ಏರಿಸುತ್ತದೆ. ಆಗ ಕಬ್ಬಿಣ ಮಣ್ಣಿನಲ್ಲಿದ್ದೂ ಬೇರಿಗೆ ಸಿಗದು. ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಕರಿಬೇವು, ದಾಸವಾಳ, ಗುಲಾಬಿಗಳಲ್ಲಿ ಇದನ್ನು ಚೆನ್ನಾಗಿ ಗುರುತಿಸಬಹುದು.

ತುಕ್ಕು ಮೊಳೆಯೂ ಅದೇ ಕರಗದ ಆಕ್ಸೈಡ್, ಹೂತು ಫಲವಿಲ್ಲ. ಹುಳಿ ಮಜ್ಜಿಗೆಯ ಹಿಂದೆ ಒಂದಿಷ್ಟು ತಿಳಿವಳಿಕೆ ಇದೆ, ಅದನ್ನು ತಳ್ಳಿಹಾಕಲಾರೆ. ಆದರೆ ಅದರ ಪರಿಣಾಮ ಅಲ್ಪಕಾಲದ್ದು, ಗಡಸು ನೀರು ಬೀಳುತ್ತಲೇ ಇದ್ದರೆ ಉಳಿಯುವುದಿಲ್ಲ. ಕಬ್ಬಿಣದ ಚೀಲೇಟ್ ಕೊಳ್ಳುವಾಗಲೂ ಪೊಟ್ಟಣ ಓದಿ. ಸಾಮಾನ್ಯವಾಗಿ ಸಿಗುವ ಇಡಿಟಿಎ ರೂಪ ಕ್ಷಾರ ಮಣ್ಣಿನಲ್ಲಿ ನಿಲ್ಲದು, ಇಡಿಡಿಎಚ್‌ಎ ನಿಲ್ಲುತ್ತದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ದಾರಿ ಮಳೆನೀರು. ಅದನ್ನು ಹಿಡಿದಿಡುವ ಬಗೆ ತಿಳಿಯದವರು ಜಯನಗರ 5ನೇ ಬ್ಲಾಕ್‌ನಲ್ಲಿರುವ ಜಲಮಂಡಳಿಯ ಮಳೆನೀರು ಸಂಗ್ರಹ ಥೀಮ್ ಪಾರ್ಕನ್ನು ನೋಡಿ ಬರಬಹುದು.

ತಪ್ಪು ಕಲ್ಪನೆ: ಯಾವ ಹಳದಿಗಾದರೂ ಎಪ್ಸಮ್ ಸಾಲ್ಟ್ ಸಾಕು.

ಸತ್ಯ: ಅದು ಮೆಗ್ನೀಷಿಯಂ ಸಲ್ಫೇಟ್. ಹಳೆಯ ಎಲೆಗಳ ನರಗಳ ನಡುವೆ ಹಳದಿ ಕಂಡರೆ ಪ್ರಯೋಜನವಾದೀತು. ಚಿಗುರಿನ ಕಬ್ಬಿಣದ ಕೊರತೆಗೆ ಅದು ಮದ್ದಲ್ಲ. ಹೆಚ್ಚು ಸುರಿದರೆ ಕ್ಯಾಲ್ಸಿಯಂ ಮತ್ತು ಪೊಟ್ಯಾಷ್ ಹೀರಿಕೆಗೆ ಅಡ್ಡಿ. ಇನ್ನು ಕುಂಡದ ತೂತು ಕಟ್ಟಿ ನೀರು ನಿಂತು ಬೇರು ಕೊಳೆತಿದ್ದರೂ ಎಲೆ ಹಳದಿಯಾಗುತ್ತದೆ. ಅಲ್ಲಿ ಯಾವ ಗೊಬ್ಬರವೂ ನಡೆಯದು.

ತಪ್ಪು ಕಲ್ಪನೆ: ಟೊಮೆಟೊ ಕಾಯಿಯ ತಳ ಕಪ್ಪಾಗಿ ಕೊಳೆತರೆ ಮೊಟ್ಟೆ ಚಿಪ್ಪಿನ ಪುಡಿ ಹಾಕಬೇಕು.

ಸತ್ಯ: ಕಾಯಿಗೆ ಕ್ಯಾಲ್ಸಿಯಂ ತಲುಪದಿರುವುದೇ ಕಾರಣ, ಸರಿ. ಆದರೆ ಗಡಸು ನೀರು ಕುಡಿಯುವ ಕುಂಡದಲ್ಲಿ ಕ್ಯಾಲ್ಸಿಯಂಗೆ ಕೊರತೆ ಅಪರೂಪ. ಅದು ನೀರಿನ ಜೊತೆಗೇ ಮೇಲೇರಬೇಕು, ಬಹುಪಾಲು ನೀರಾವಿ ಬಿಡುವ ಎಲೆಗಳಿಗೇ ಹೋಗುತ್ತದೆ. ತಾರಸಿಯ ಬಿಸಿಲಿಗೆ ಮಣ್ಣು ಒಣಗಿ, ಸಂಜೆ ಒಮ್ಮೆಲೇ ನೀರು ತುಂಬಿಸಿದರೆ ಕಾಯಿಯ ಪಾಲು ತಪ್ಪುತ್ತದೆ. ಚಿಪ್ಪು ಕರಗುವುದು ಬಹಳ ನಿಧಾನ, ಕ್ಷಾರ ಮಣ್ಣಿನಲ್ಲಂತೂ ಇನ್ನೂ ನಿಧಾನ. ದೊಡ್ಡ ಕುಂಡ, ಒಣ ಎಲೆಯ ಹೊದಿಕೆ, ಹದವಾಗಿ ನೀರು, ಇಷ್ಟು ಮಾಡಿದರೆ ಮುಂದಿನ ಕಾಯಿಗಳು ಉಳಿಯುತ್ತವೆ.

ಬೆಂಡೆಯಲ್ಲಿ ಮಾತ್ರ ವಿಶೇಷ ಎಚ್ಚರ ಬೇಕು. ನರಗಳೇ ಹಳದಿ ಬಲೆಯಂತೆ ಕಂಡರೆ ಅದು ಪೋಷಕಾಂಶದ ಕೊರತೆಯಲ್ಲ, ಬಿಳಿನೊಣ ಹರಡುವ ಹಳದಿ ನಂಜು ರೋಗ. ಆ ಗಿಡವನ್ನು ಕಿತ್ತು ಚೀಲಕ್ಕೆ ಹಾಕಿ, ಉಳಿದ ಗಿಡಗಳ ಎಲೆಯ ತಳಭಾಗವನ್ನು ಅಂದೇ ತಿರುವಿ ನೋಡಿ.