ಹಂದಿಯಿಂದ ಸೊಳ್ಳೆಗೆ, ಸೊಳ್ಳೆಯಿಂದ ಮಗುವಿಗೆ: ಮಿದುಳು ಜ್ವರದ ವೈರಸ್ ಒಳಗೆ ಏನಿದೆ?

ಪ್ರಕಾಶಂ ಬ್ಯಾರೇಜ್‌ನಿಂದ ಹೊರಡುವ ಕಾಲುವೆಗಳು ವಿಜಯವಾಡ ನಗರದ ನಡುವೆಯೇ ಹರಿದು ಕೃಷ್ಣಾ ಡೆಲ್ಟಾದ ಭತ್ತದ ಗದ್ದೆಗಳನ್ನು ಸೇರುತ್ತವೆ. ನಿಂತ ನೀರು, ಗದ್ದೆಯಲ್ಲಿ ಬೆಳ್ಳಕ್ಕಿ, ಊರಂಚಿನಲ್ಲಿ ಹಂದಿ. ಜಪಾನೀಸ್ ಎನ್ಸೆಫಲೈಟಿಸ್ ಅಂದರೆ ಜೆಇ ವೈರಸ್‌ಗೆ ಬೇಕಿರುವುದೆಲ್ಲ ಇಲ್ಲಿದೆ. ಆಂಧ್ರಪ್ರದೇಶ ಬಹಳ ಹಿಂದಿನಿಂದಲೂ ಈ ಕಾಯಿಲೆ ಕಾಣಿಸಿಕೊಳ್ಳುವ ರಾಜ್ಯಗಳಲ್ಲೊಂದು. ನಮ್ಮ ಕೋಲಾರ, ಮಂಡ್ಯ, ಬಳ್ಳಾರಿಗೂ ಇದು ಹೊಸದಲ್ಲ.

ಸೋಂಕು ತಗುಲಿದ ಸುಮಾರು 250 ಜನರಲ್ಲಿ ಒಬ್ಬರಿಗಷ್ಟೇ ತೀವ್ರ ಕಾಯಿಲೆ ಬರುತ್ತದೆ. ಆದರೆ ಮಿದುಳಿನ ಉರಿಯೂತ ಕಾಣಿಸಿಕೊಂಡರೆ ಶೇ.30ರಷ್ಟು ಮಂದಿ ಸಾಯಬಹುದು. ಬದುಕುಳಿದ ಮಕ್ಕಳಲ್ಲೂ ಹಲವರಿಗೆ ಮೂರ್ಛೆ, ಕೈಕಾಲು ಬಲಹೀನತೆ, ಕಲಿಕೆಯ ತೊಂದರೆ ಜೀವನಪೂರ್ತಿ ಉಳಿಯುತ್ತವೆ. ವೈರಸ್ ಕೊಲ್ಲುವ ಔಷಧಿ ಇನ್ನೂ ಇಲ್ಲ. ಲಸಿಕೆ ಇದೆ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ವೈರಸ್‌ನ ಹೊರಮೈ ನೋಡಬೇಕು.

ಹೆಂಚು ಹೊದೆಸಿದ ಗೋಳ

ಜೆಇ ವೈರಸ್ ಡೆಂಗ್ಯೂ, ಝಿಕಾ ವೈರಸ್‌ಗಳ ಹತ್ತಿರದ ಸಂಬಂಧಿ. ಅಗಲ ಸುಮಾರು 50 ನ್ಯಾನೋಮೀಟರ್. ಒಂದು ಮಿಲಿಮೀಟರ್ ಉದ್ದಕ್ಕೆ 20 ಸಾವಿರ ವೈರಸ್‌ಗಳನ್ನು ಸಾಲಾಗಿ ನಿಲ್ಲಿಸಬಹುದು! ಒಳಗಿರುವುದು ಒಂದೇ ಎಳೆಯ ಆರ್‌ಎನ್‌ಎ, ಸುಮಾರು 11 ಸಾವಿರ ಅಕ್ಷರಗಳ ಬರಹ. ಮನುಷ್ಯನ ಡಿಎನ್‌ಎಯಲ್ಲಿ ಇಂತಹ ಅಕ್ಷರಗಳು 300 ಕೋಟಿ. ಇಷ್ಟು ಪುಟ್ಟ ಬರಹದಿಂದ ತಯಾರಾಗುವ ಪ್ರೋಟೀನ್‌ಗಳು ಹತ್ತೇ ಹತ್ತು. ಮೂರು ವೈರಸ್‌ನ ಮೈಕಟ್ಟಿಗೆ, ಉಳಿದ ಏಳು ಜೀವಕೋಶದೊಳಗೆ ನಕಲು ತೆಗೆಯುವಂತಹ ಕೆಲಸಗಳಿಗೆ.

ಆರ್‌ಎನ್‌ಎ ಸುತ್ತ ಕ್ಯಾಪ್ಸಿಡ್ ಪ್ರೋಟೀನ್, ಅದರ ಮೇಲೆ ಕೊಬ್ಬಿನ ಪೊರೆ. ಪೊರೆಯ ಮೇಲೆ 'ಇ' ಪ್ರೋಟೀನ್‌ನ 180 ಪ್ರತಿಗಳು ಎರಡೆರಡು ಜೋಡಿಯಾಗಿ, ಹೆಂಚಿನ ಮಾಡಿನ ಹಾಗೆ ಮಲಗಿರುತ್ತವೆ. ಕೊರೊನಾ ವೈರಸ್ ಚಿತ್ರಗಳಲ್ಲಿ ನೋಡಿದ ಮುಳ್ಳುಗಳು ಇಲ್ಲಿಲ್ಲ, ಮೈ ಹೆಚ್ಚು ಕಡಿಮೆ ನುಣುಪು. ಚೀನಾದ ವಿಜ್ಞಾನಿಗಳು 2017ರಲ್ಲಿ ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಇಡೀ ವೈರಸ್‌ನ ಈ ರಚನೆಯನ್ನು ಸ್ಪಷ್ಟವಾಗಿ ತೋರಿಸಿದರು.

ವೈರಸ್ ಅಂಟಿಕೊಂಡಾಗ ಜೀವಕೋಶ ಅದನ್ನು ಒಂದು ಚೀಲದಲ್ಲಿ ಒಳಗೆಳೆದುಕೊಳ್ಳುತ್ತದೆ. ಚೀಲದ ಒಳಗೆ ಆಮ್ಲೀಯ ವಾತಾವರಣ. ಇದೇ ಸೂಚನೆ ಎಂಬಂತೆ ಮಲಗಿದ್ದ 'ಇ' ಪ್ರೋಟೀನ್‌ಗಳು ಎದ್ದು, ಜೋಡಿ ಬಿಟ್ಟು ಮೂರು ಮೂರರ ಗುಂಪಾಗುತ್ತವೆ. ತುದಿಯಲ್ಲಿರುವ ಸಣ್ಣ ಕೊಂಡಿಯನ್ನು ಚೀಲದ ಪೊರೆಗೆ ಚುಚ್ಚುತ್ತವೆ. ಎರಡು ಪೊರೆಗಳು ಬೆಸೆದುಕೊಂಡು ಆರ್‌ಎನ್‌ಎ ಜೀವಕೋಶಕ್ಕೆ ಜಾರುತ್ತದೆ. ಹೊಸ ವೈರಸ್ ಹೊರಬರುವಾಗ ಇದೇ ಕೊಂಡಿ ಅವಸರದಲ್ಲಿ ಕೆಲಸ ಶುರು ಮಾಡಬಾರದಲ್ಲವೇ? ಅದಕ್ಕೆ ಪೆನ್ನಿನ ಕ್ಯಾಪ್‌ನಂತೆ ಇನ್ನೊಂದು ಪ್ರೋಟೀನ್ ತುಣುಕು ಮುಚ್ಚಿರುತ್ತದೆ. ಜೀವಕೋಶದ್ದೇ ಆದ ಫ್ಯೂರಿನ್ ಎಂಬ ಕಿಣ್ವ ಅದನ್ನು ಕತ್ತರಿಸುತ್ತದೆ, ವೈರಸ್ ಹೊರಬಂದ ಮೇಲೆ ಕ್ಯಾಪ್ ಉದುರುತ್ತದೆ.

ಲಸಿಕೆ ಪಡೆದ ದೇಹ ತಯಾರಿಸುವ ಪ್ರತಿಕಾಯಗಳು ಮುಖ್ಯವಾಗಿ ಹಿಡಿಯುವುದು ಈ 'ಇ' ಪ್ರೋಟೀನನ್ನೇ. ಭಾರತದಲ್ಲಿ 2006ರಿಂದ ಬಳಕೆಯಲ್ಲಿರುವ ಎಸ್‌ಎ 14-14-2 ಲಸಿಕೆಯಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್. 'ಇ' ಪ್ರೋಟೀನ್‌ನ 500 ಅಮೈನೋ ಆಮ್ಲಗಳಲ್ಲಿ 138ನೆಯದು ಬದಲಾಗಿರುವುದು ಅದು ಮಿದುಳಿಗೆ ಹಾನಿ ಮಾಡದಿರಲು ಪ್ರಮುಖ ಕಾರಣಗಳಲ್ಲೊಂದು.

ಕೋಲಾರದ ವೈರಸ್ಸೇ ಲಸಿಕೆಯಾಯಿತು

1980ರ ದಶಕದ ಆರಂಭದಲ್ಲಿ ಕೋಲಾರದ ರೋಗಿಯೊಬ್ಬರಿಂದ ಬೇರ್ಪಡಿಸಿದ ವೈರಸ್ ತಳಿಯನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಕಾಪಾಡಿಕೊಂಡು ಬಂದಿತ್ತು. ಅದೇ ತಳಿಯಿಂದ ಹೈದರಾಬಾದ್‌ನ ಭಾರತ್ ಬಯೋಟೆಕ್ ಜೆನ್‌ವ್ಯಾಕ್ ಲಸಿಕೆ ರೂಪಿಸಿತು. 2013ರಲ್ಲಿ ಬಿಡುಗಡೆಯಾದ ಇದರಲ್ಲಿರುವುದು ನಿಷ್ಕ್ರಿಯಗೊಳಿಸಿದ ವೈರಸ್. ಇಷ್ಟು ದೊಡ್ಡ ಸಂಗತಿ ಕೋಲಾರದಲ್ಲೇ ಎಷ್ಟು ಜನರಿಗೆ ಗೊತ್ತೋ!

ವೈರಸ್ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ನಮ್ಮ ರಕ್ತದಲ್ಲಿ ಅದು ಸೊಳ್ಳೆಗೆ ದಾಟುವಷ್ಟು ಹೆಚ್ಚುವುದೇ ಇಲ್ಲ. ಹಂದಿಯ ರಕ್ತದಲ್ಲಿ ಹೆಚ್ಚುತ್ತದೆ. ಹಂದಿಗಳಿಗೆ ಹೆಚ್ಚೇನೂ ಆಗದಿದ್ದರೂ ಗಬ್ಬದ ಹಂದಿಗಳಲ್ಲಿ ಗರ್ಭಪಾತವಾಗಬಹುದು. ಬೆಳ್ಳಕ್ಕಿ, ಕೊಕ್ಕರೆ ಜಾತಿಯ ಹಕ್ಕಿಗಳು ವೈರಸ್‌ನ ಸಹಜ ಆಶ್ರಯ. ದನಗಳನ್ನು ಇದೇ ಸೊಳ್ಳೆ ಹೆಚ್ಚಾಗಿ ಕಚ್ಚುತ್ತದಾದರೂ ಅವುಗಳಲ್ಲಿ ವೈರಸ್ ಬೆಳೆಯುವುದಿಲ್ಲ.

ವಿಶಾಖಪಟ್ಟಣದಂತಹ ನಗರದಲ್ಲಿ ಕಾಟ ಕೊಡುವ ಚರಂಡಿಯ ಸೊಳ್ಳೆಗಿಂತ ಗದ್ದೆ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆಯೇ ಜೆಇಯ ಮುಖ್ಯ ವಾಹಕ. ಅದು ಕಚ್ಚುವುದು ಸಂಜೆ ಮತ್ತು ರಾತ್ರಿ. ಹಾಗಾಗಿ ಮಕ್ಕಳಿಗೆ ಸೊಳ್ಳೆ ಪರದೆ ಬೇಕು, ಹಂದಿ ಗೂಡು ಮನೆಗಳಿಂದ ದೂರವಿರಬೇಕು.

ಕರ್ನಾಟಕದಲ್ಲಿ 2022ರ ಡಿಸೆಂಬರ್‌ನಲ್ಲಿ ದಕ್ಷಿಣ ಕನ್ನಡ, ಉಡುಪಿ, ತುಮಕೂರು ಸೇರಿ 10 ಜಿಲ್ಲೆಗಳ 1ರಿಂದ 15 ವರ್ಷದ ಮಕ್ಕಳಿಗಾಗಿ ಜೆಇ ಲಸಿಕಾ ಅಭಿಯಾನ ಆರಂಭವಾಯಿತು. ಜೆಇ ಪಟ್ಟಿಯಲ್ಲಿರುವ ಜಿಲ್ಲೆಗಳಲ್ಲಿ 9 ತಿಂಗಳು ತುಂಬಿದಾಗ ಮೊದಲ ಡೋಸ್, 16ರಿಂದ 24 ತಿಂಗಳ ನಡುವೆ ಎರಡನೆಯದು ಉಚಿತ. ನಿಮ್ಮ ಜಿಲ್ಲೆ ಪಟ್ಟಿಯಲ್ಲಿದೆಯೇ ಎಂಬುದನ್ನು ಆಶಾ ಕಾರ್ಯಕರ್ತೆ ಅಥವಾ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ತಿಳಿಯಬಹುದು.